ಕಾಲಿಗೆ ಸ್ಟೆಂಟ್: ತೆರೆದ ದಾರಿಯನ್ನು ಕಾಯುವ ಬಗೆ



ಮಠಕ್ಕೆ ಬಂದವರು ಗುರುವಿನ ಪಾದದತ್ತ ದೃಷ್ಟಿಯಿಡುವುದು ನಮ್ಮ ನಾಡಿನ ರೂಢಿ. ಕೆಲವು ವರ್ಷಗಳಿಂದ ನಾವು ಬಂದವರ ಪಾದಗಳನ್ನು ನೋಡುವ ಅಭ್ಯಾಸವನ್ನೂ ಇಟ್ಟುಕೊಂಡಿದ್ದೇವೆ. ಬುಕ್ಕಾಪಟ್ಟಣ ಹೋಬಳಿಯ ಜನ ಕಾಲನ್ನೇ ನಂಬಿ ಬದುಕಿದವರು. ಕುರಿಮಂದೆಯ ಹಿಂದೆ ಕಲ್ಲುಗುಡ್ಡ ಸುತ್ತುವವರು, ಶೇಂಗಾ ಹೊಲದಲ್ಲಿ ದಿನವಿಡೀ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವವರು, ತೆಂಗಿನ ತೋಟಕ್ಕೆ ನೀರು ಕಟ್ಟುವವರು. ಇಂಥವರಲ್ಲಿ ಕೆಲವರ ಮೊಣಕಾಲಿನ ಕೆಳಗೆ ಕೂದಲು ಉದುರಿ ಚರ್ಮ ನುಣ್ಣಗೆ ಹೊಳೆಯುತ್ತಿರುತ್ತದೆ, ಉಗುರು ದಪ್ಪಗಾಗಿರುತ್ತದೆ, ಬೆರಳ ತುದಿಯಲ್ಲಿ ತಿಂಗಳಾದರೂ ಮಾಯದ ಹುಣ್ಣಿರುತ್ತದೆ. ಏನಪ್ಪ ಇದು ಎಂದು ಕೇಳಿದರೆ, "ನಡೆದ್ರೆ ಮೀನಖಂಡ ಹಿಡ್ಕೊಳ್ತದೆ ಬುದ್ಧೀ, ನಿಂತ್ರೆ ಬಿಡ್ತದೆ, ವಯಸ್ಸಾಯ್ತಲ್ಲ" ಎಂಬ ಉತ್ತರ ಬರುತ್ತದೆ.

ವಯಸ್ಸಿನ ಮೇಲೆ ಹೊರಿಸಿ ಬಿಡುವ ಮಾತು ಇದಲ್ಲ. ನಡೆದಾಗ ಹಿಡಿದು, ನಿಂತಾಗ ಬಿಡುವ ನೋವು ಕಾಲಿನ ರಕ್ತನಾಳ ಕಿರಿದಾಗಿರುವುದರ ಮುಖ್ಯ ಲಕ್ಷಣ. ಈಚೆಗೆ ಇಂಥವರಲ್ಲಿ ಅನೇಕರು ತುಮಕೂರು, ಬೆಂಗಳೂರುಗಳಿಗೆ ಹೋಗಿ ಕಾಲಿನ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬರುತ್ತಿದ್ದಾರೆ. ಹಾಕಿಸಿಕೊಳ್ಳುವ ಮುನ್ನ ಆಶೀರ್ವಾದಕ್ಕೆ ಬರುತ್ತಾರೆ. ಹಾಕಿಸಿಕೊಂಡ ಮೇಲೆ ಕಾಯಿಲೆ ಮುಗಿಯಿತೆಂದು ನಿಶ್ಚಿಂತರಾಗುತ್ತಾರೆ. ಆ ನಿಶ್ಚಿಂತೆಯಲ್ಲಿ ಅಪಾಯವಿದೆ. ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ವೈದ್ಯರಿಂದ ಕೇಳಿ, ಓದಿ, ರೋಗಿಗಳ ಹಾಸಿಗೆಯ ಬಳಿ ಕುಳಿತು ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತಿದ್ದೇವೆ.

ಹೃದಯದಿಂದ ಹೊರಟ ಮಹಾಧಮನಿಯು ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆದು ಎರಡು ಕಾಲುಗಳಿಗೂ ರಕ್ತವನ್ನು ಒಯ್ಯುತ್ತದೆ. ಆ ಕವಲು ಕಿಬ್ಬೊಟ್ಟೆಯನ್ನು ಹಾದು, ತೊಡೆಸಂದಿನಲ್ಲಿ ಮೇಲಕ್ಕೆ ಬಂದು, ತೊಡೆಯುದ್ದಕ್ಕೂ ಇಳಿದು, ಮೊಣಕಾಲಿನ ಹಿಂಬದಿಯಲ್ಲಿ ಹಾಯ್ದು, ಅಲ್ಲಿಂದ ಕೆಳಗೆ ಮೂರು ಕವಲುಗಳಾಗಿ ಪಾದವನ್ನು ಸೇರುತ್ತದೆ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು ಇವುಗಳಿಂದ ಈ ನಾಳದ ಒಳಗೋಡೆಯಲ್ಲಿ ಜಿಡ್ಡು ಕಟ್ಟಿ, ಕ್ರಮೇಣ ಅದು ಸುಣ್ಣದಂತೆ ಗಡಸಾಗಿ ದಾರಿಯನ್ನು ಕಿರಿದುಗೊಳಿಸುತ್ತದೆ. ಕೆರೆಯ ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ಮೊದಲು ನೀರು ತಪ್ಪುವಂತೆ, ದೇಹದಲ್ಲಿ ಪಾದದ ಬೆರಳಿಗೆ ಮೊದಲು ರಕ್ತ ತಪ್ಪುತ್ತದೆ. ಇದನ್ನು ತಿಳಿಯಲು ಮೊದಲು ಬೇಕಾದದ್ದು ಸುಲಭವಾದ ಒಂದು ಪರೀಕ್ಷೆ. ತೋಳಿನ ರಕ್ತದೊತ್ತಡವನ್ನೂ ಕಾಲಿನ ಹರಡಿನ ರಕ್ತದೊತ್ತಡವನ್ನೂ ಅಳೆದು, ಎರಡನೆಯದನ್ನು ಮೊದಲನೆಯದರಿಂದ ಭಾಗಿಸುತ್ತಾರೆ. ಬಂದ ಅಂಕಿ 0.9ಕ್ಕಿಂತ ಕಡಿಮೆಯಾದರೆ ನಾಳ ಕಿರಿದಾಗಿದೆ ಎಂದು ಅರ್ಥ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ನಾಳವೇ ಗಡಸಾಗಿ ಈ ಅಂಕಿ ಸುಳ್ಳಾಗಿ ಹೆಚ್ಚು ತೋರಬಹುದು. ಅಂಥವರಿಗೆ ಬೇರೆ ಪರೀಕ್ಷೆಗಳುಂಟು.

ಈ ಚಿಕಿತ್ಸೆಯ ಇತಿಹಾಸ ಹುಟ್ಟಿದ್ದೇ ಕಾಲಿನಿಂದ ಎಂಬುದನ್ನು ಬಹಳ ಮಂದಿ ಅರಿಯರು. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು 82 ವರ್ಷದ ವೃದ್ಧೆಯೊಬ್ಬರ ತೊಡೆಯ ನಾಳವನ್ನು ಶಸ್ತ್ರಕ್ರಿಯೆಯಿಲ್ಲದೆ, ಕೊಳವೆಗಳನ್ನು ತೂರಿಸಿ ಹಿಗ್ಗಿಸಿದರು. ಪಾದ ಕೊಳೆಯತೊಡಗಿತ್ತು, ಕಾಲು ಕತ್ತರಿಸಲು ಆಕೆ ಒಪ್ಪಿರಲಿಲ್ಲ. ಆ ಕಾಲು ಉಳಿಯಿತು, ಆಕೆ ತಮ್ಮ ಕೊನೆಯವರೆಗೂ ಅದರ ಮೇಲೆ ನಡೆದಾಡಿದರು. 1974ರಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಅವರು ಜ್ಯೂರಿಕ್‌ನಲ್ಲಿ ಬಲೂನಿನಿಂದ ಹಿಗ್ಗಿಸುವ ಕ್ರಮವನ್ನು ಮೊದಲು ಪ್ರಯೋಗಿಸಿದ್ದೂ ಕಾಲಿನ ನಾಳದ ಮೇಲೆಯೇ; ಹೃದಯಕ್ಕೆ ಅದು ಬಂದದ್ದು 1977ರಲ್ಲಿ. ಹಿಗ್ಗಿಸಿದ ನಾಳ ಮತ್ತೆ ಕುಗ್ಗದಂತೆ ಒಳಗೆ ನಿಲ್ಲಿಸುವ ಲೋಹದ ಜಾಲರಿಯೇ ಸ್ಟೆಂಟ್. ಹತ್ತೊಂಬತ್ತನೆಯ ಶತಮಾನದ ಚಾರ್ಲ್ಸ್ ಸ್ಟೆಂಟ್ ಎಂಬ ಇಂಗ್ಲೆಂಡಿನ ದಂತವೈದ್ಯರ ಹೆಸರು ಹೇಗೋ ಅದಕ್ಕೆ ಅಂಟಿಕೊಂಡಿತು. ಇಂಥ ಉಪಕಾರಿಯಾದ ವಿದ್ಯೆಯನ್ನು ನಿಂದಿಸುವುದು ನಮ್ಮ ಇಂಗಿತವಲ್ಲ. ಎಷ್ಟೋ ಕಾಲುಗಳು ಇದರಿಂದ ಉಳಿದಿವೆ. ಆದರೆ ಉಪಕಾರವನ್ನು ಪೂರ್ಣವಾಗಿ ಪಡೆಯಬೇಕಾದರೆ ಅದರ ತೊಡಕುಗಳನ್ನೂ ತಿಳಿದಿರಬೇಕು.

ಮೊದಲನೆಯ ತೊಡಕು ಸೂಜಿ ಚುಚ್ಚಿದ ಜಾಗದ್ದು. ಸಾಮಾನ್ಯವಾಗಿ ತೊಡೆಸಂದಿನ ನಾಳದ ಮೂಲಕವೇ ಕೊಳವೆಯನ್ನು ಒಳಗೆ ಕಳಿಸುತ್ತಾರೆ. ಅಲ್ಲಿ ಒಂದಿಷ್ಟು ಕಪ್ಪುನೀಲಿ ಬಣ್ಣ ಕಾಣಿಸುವುದು ಸಹಜ. ಆದರೆ ನಿಂಬೆಹಣ್ಣಿನಂಥ ಗಂಟು ಎದ್ದು ಅದರಲ್ಲಿ ನಾಡಿ ಬಡಿದಂತೆ ಮಿಡಿತ ಕಂಡರೆ, ನಾಳದ ರಂಧ್ರ ಮುಚ್ಚದೆ ರಕ್ತ ಹೊರಗೆ ಚೀಲಗಟ್ಟಿದೆ ಎಂದು ಶಂಕಿಸಬೇಕು. ಮೇಲೆ ಏನೂ ಕಾಣದೆ, ಸೊಂಟದ ಹಿಂಬದಿಯಲ್ಲಿ ಅಥವಾ ಕೆಳಹೊಟ್ಟೆಯಲ್ಲಿ ನೋವು, ಬೆವರು, ತಲೆಸುತ್ತು ಬಂದರೆ ಇನ್ನೂ ಗಂಭೀರ. ಒಳಗೆ ರಕ್ತ ಸೋರುತ್ತಿರಬಹುದು. ಹೊರಗೆ ರಕ್ತ ಜಿನುಗಿದರೆ ರೋಗಿಯನ್ನು ಅಂಗಾತ ಮಲಗಿಸಿ, ಆ ಜಾಗವನ್ನು ಅಂಗೈಯಿಂದ ಬಿಗಿಯಾಗಿ ಒತ್ತಿ ಹಿಡಿದು, 108ಕ್ಕೆ ಕರೆ ಮಾಡಬೇಕು.

ಎರಡನೆಯದು, ನಾಳವನ್ನು ಚಿತ್ರದಲ್ಲಿ ಕಾಣಲು ಹಾಯಿಸುವ ಬಣ್ಣದ ಔಷಧದ್ದು. ಇದು ಮೂತ್ರಪಿಂಡಕ್ಕೆ ಭಾರವಾಗಬಲ್ಲದು. ಸಕ್ಕರೆ ಕಾಯಿಲೆಯಿಂದ ಮೊದಲೇ ಮೂತ್ರಪಿಂಡ ಸೋತವರಿಗೆ ಈ ಭಾರ ಹೆಚ್ಚು. ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯಿನಿಯೊಬ್ಬರಿಗೆ ಸ್ಟೆಂಟ್ ಸರಿಯಾಗಿಯೇ ಕುಳಿತಿತು. ಮೂರನೆಯ ದಿನದಿಂದ ಮೂತ್ರ ಕಡಿಮೆಯಾಗಿ ಮುಖ, ಕಾಲು ಬಾತವು. ಹದಿನೈದು ದಿನಗಳಲ್ಲಿ ಚೇತರಿಸಿಕೊಂಡರು, ಅಷ್ಟರಲ್ಲಿ ಮನೆಯವರ ಧೈರ್ಯ ಬಹುಮಟ್ಟಿಗೆ ಕರಗಿಹೋಗಿತ್ತು. ಆದ್ದರಿಂದ ಚಿಕಿತ್ಸೆಗೆ ಮುನ್ನ ಕ್ರಿಯಾಟಿನಿನ್ ಪರೀಕ್ಷೆಯ ಫಲಿತಾಂಶವನ್ನೂ, ತಾವು ತೆಗೆದುಕೊಳ್ಳುವ ಸಕ್ಕರೆ ಮಾತ್ರೆಗಳ ಹೆಸರನ್ನೂ ವೈದ್ಯರ ಗಮನಕ್ಕೆ ತರಲೇಬೇಕು.

ಮೂರನೆಯದು, ನಾಳದಲ್ಲಿ ಕಟ್ಟಿದ ಜಿಡ್ಡಿನ ಚೂರು ಕಳಚಿ, ರಕ್ತದೊಡನೆ ಕೆಳಗೆ ಹರಿದು, ಕಿರುನಾಳವೊಂದಕ್ಕೆ ಸಿಕ್ಕಿಕೊಳ್ಳುವುದು. ಹಿಗ್ಗಿಸುವಾಗ ನಾಳದ ಗೋಡೆ ಸೀಳುವುದು, ಅಪರೂಪಕ್ಕೆ ತೂತಾಗುವುದು ಕೂಡ ಉಂಟು. ಇವು ಚಿಕಿತ್ಸೆಯ ಮೇಜಿನ ಮೇಲೆಯೇ ವೈದ್ಯರಿಗೆ ಗೋಚರಿಸುವಂಥವು; ಬಹುಪಾಲು ಅಲ್ಲಿಯೇ ಪರಿಹಾರವಾಗುತ್ತವೆ. ಇಲ್ಲಿಯವರೆಗಿನದು ಆಸ್ಪತ್ರೆಯ ಹೊಣೆ. ಮುಂದಿನದು ಮನೆಯ ಹೊಣೆ, ಮತ್ತು ನಮ್ಮ ಹಳ್ಳಿಗಳಲ್ಲಿ ಎಡವುವುದು ಅಲ್ಲಿಯೇ.

ಸ್ಟೆಂಟ್ ದೇಹಕ್ಕೆ ಪರಕೀಯ ವಸ್ತು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎಂಬ ಮಾತ್ರೆಗಳನ್ನು ಕೊಡುತ್ತಾರೆ. ಸಾಮಾನ್ಯವಾಗಿ ಒಂದರಿಂದ ಆರು ತಿಂಗಳವರೆಗೆ ಎರಡೂ, ಅನಂತರ ಯಾವುದಾದರೊಂದು ಜೀವನಪರ್ಯಂತ. ಅವಧಿಯನ್ನು ನಿರ್ಧರಿಸುವವರು ವೈದ್ಯರು. ನಮ್ಮ ಭಕ್ತರೊಬ್ಬರಿದ್ದಾರೆ, ಬುಕ್ಕಾಪಟ್ಟಣದ ಕಡೆಯ ರೈತರು, ಅರವತ್ತು ದಾಟಿದವರು, ನಲವತ್ತು ವರ್ಷ ಬೀಡಿ ಸೇದಿದವರು. ಎಡತೊಡೆಗೆ ಸ್ಟೆಂಟ್ ಹಾಕಿಸಿಕೊಂಡು ಮೂರು ತಿಂಗಳು ತೋಟಕ್ಕೆ ಸರಾಗವಾಗಿ ನಡೆದರು. ಹಲ್ಲು ಕೀಳಿಸಲು ಹೋದಾಗ ಯಾರೋ ಮಾತ್ರೆ ನಿಲ್ಲಿಸುವಂತೆ ಹೇಳಿದರು. ಮತ್ತೆ ಯಾವಾಗ ಆರಂಭಿಸಬೇಕೆಂದು ಹೇಳಲಿಲ್ಲ, ಇವರೂ ಕೇಳಲಿಲ್ಲ. ಒಂಬತ್ತನೆಯ ದಿನ ರಾತ್ರಿ ಹತ್ತು ಗಂಟೆಗೆ ಕಾಲು ಸಿಡಿಯತೊಡಗಿತು. ನರ ಹಿಡಿದಿದೆ ಎಂದು ಮನೆಯವರು ಎಣ್ಣೆ ಹಚ್ಚಿ ತಿಕ್ಕಿದರು, ಬಿಸಿನೀರಿನ ಶಾಖ ಕೊಟ್ಟರು. ನೋವು ಹೋಗಿ ಜೋಮು ಬಂದಾಗ ಗುಣವಾಗುತ್ತಿದೆ ಎಂದು ತಿಳಿದು ಮಲಗಿದರು.

ಬೆಳಗಿನ ಜಾವ ನಾಲ್ಕೂವರೆಗೆ ಅವರ ಮಗ ನಮಗೆ ಫೋನು ಮಾಡಿ, "ಬುದ್ಧೀ, ಅಪ್ಪಯ್ಯನ ಕಾಲು ಐಸಿನಂಗೆ ತಣ್ಣಗದೆ, ಬೆಳ್ಳಗಾಗಿದೆ. ಬೆರಳು ಆಡ್ಸಕ್ಕೆ ಆಗ್ತಿಲ್ಲ" ಎಂದ. "ಶಾಖ ಕೊಡಬೇಡ, ತಿಕ್ಕಬೇಡ. ಗಾಡಿ ಹತ್ತಿಸು, ಸ್ಟೆಂಟ್ ಹಾಕಿದ ಆಸ್ಪತ್ರೆಗೆ ಫೋನು ಮಾಡುತ್ತಲೇ ಹೊರಡು" ಎಂದು ಹೇಳಿದೆವು. ಬುಕ್ಕಾಪಟ್ಟಣದಿಂದ ಶಿರಾಕ್ಕೆ ಬಂದು, ಅಲ್ಲಿಂದ ತುಮಕೂರಿಗೆ ಸುಮಾರು 50 ಕಿಲೋಮೀಟರು, ತುಮಕೂರಿನಿಂದ ಬೆಂಗಳೂರಿಗೆ 70. ಅವರು ಶಸ್ತ್ರವೈದ್ಯರ ಕೈಸೇರುವ ಹೊತ್ತಿಗೆ ಒಂಬತ್ತಾಗಿತ್ತು. ಹೆಪ್ಪನ್ನು ತೆಗೆದರು. ಬತ್ತಿದ್ದ ಕಾಲಿಗೆ ಒಮ್ಮೆಲೇ ರಕ್ತ ನುಗ್ಗಿದಾಗ ಮೀನಖಂಡ ಊದಿ, ಒಳಗೆ ಒತ್ತಡವೇರಿ, ಅದನ್ನು ಇಳಿಸಲು ಉದ್ದಕ್ಕೆ ಸೀಳಬೇಕಾಯಿತು. ಕಾಲು ಉಳಿಯಿತು; ಎರಡು ಬೆರಳು ಹೋದವು.

ಆ ಶಸ್ತ್ರವೈದ್ಯರು ನಮ್ಮ ಮಠದ ಉಚಿತ ಪ್ರಸಾದನಿಲಯದಲ್ಲಿ ಓದಿ ಬೆಳೆದವರು. ಅವರು ನಮಗೆ ಹೇಳಿದ ಮಾತನ್ನು ಇಲ್ಲಿ ಸಂಗ್ರಹಿಸುತ್ತೇವೆ. ರಕ್ತ ಪೂರ್ತಿ ನಿಂತ ಕಾಲಿನ ಸ್ನಾಯು ಹೆಚ್ಚುಕಡಿಮೆ ಆರು ಗಂಟೆಯ ಮೇಲೆ ಸಾಯತೊಡಗುತ್ತದೆ. ಈ ರೈತರ ಕಾಲು ಹನ್ನೊಂದು ಗಂಟೆ ತಡೆದದ್ದಕ್ಕೆ, ಹಳೆಯ ಕಾಯಿಲೆಯಿಂದಾಗಿ ದೇಹವೇ ಬೆಳೆಸಿಕೊಂಡಿದ್ದ ಸಣ್ಣ ಬದಲಿ ನಾಳಗಳು ಕಾರಣ. ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ. ಹಠಾತ್ತನೆ ಬಂದ ನೋವು, ಬಿಳಿಚಿಕೆ, ತಣ್ಣಗಾಗುವಿಕೆ, ಪಾದದಲ್ಲಿ ನಾಡಿ ಸಿಗದಿರುವುದು, ಜೋಮು, ಬೆರಳು ಆಡಿಸಲಾಗದಿರುವುದು ಇವು ಆರು ಲಕ್ಷಣಗಳು. ಕೊನೆಯ ಎರಡು ಬಂದಾಗ ನೋವು ಶಮನವಾಯಿತೆಂದು ಜನ ಸಮಾಧಾನಪಡುತ್ತಾರೆ. ವಾಸ್ತವವಾಗಿ ಕಾಲು ಕೈಬಿಡುತ್ತಿರುವ ಗುರುತು ಅದು. ಜೋಮುಹಿಡಿದ ಪಾದಕ್ಕೆ ಬಿಸಿ ತಿಳಿಯದು, ಆದಕಾರಣ ಶಾಖದಿಂದ ಚರ್ಮ ಬೇಯುತ್ತದೆ. ಭಕ್ತರೇ, ಮೇಲಿನ ಊರುಗಳ ದೂರವನ್ನು ಆರು ಗಂಟೆಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ. ನಮ್ಮ ಹೋಬಳಿಯವರಿಗೆ ಬೆಳಗಾಗಲೆಂದು ಕಾಯುವಷ್ಟು ಬಿಡುವು ಆ ಲೆಕ್ಕದಲ್ಲಿ ಇಲ್ಲ.

ಇದಲ್ಲದೆ ನಿಧಾನವಾಗಿ ಬರುವ ತೊಡಕುಗಳುಂಟು. ಸ್ಟೆಂಟಿನ ಒಳಗೆ ಗಾಯ ಮಾಯುವ ಭರದಲ್ಲಿ ಅಂಗಾಂಶ ಬೆಳೆದು ದಾರಿ ಮತ್ತೆ ಕಿರಿದಾಗುತ್ತದೆ. ವಿಯೆನ್ನಾದಲ್ಲಿ ತೊಡೆಯ ನಾಳದ ಕಾಯಿಲೆಯ 104 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಸ್ಟೆಂಟ್ ಹಾಕಿದವರಲ್ಲಿ ಶೇಕಡಾ 37ರಷ್ಟು ಮಂದಿಗೆ ನಾಳ ಮತ್ತೆ ಕಿರಿದಾಗಿತ್ತು. ಬಲೂನಿನಿಂದ ಮಾತ್ರ ಹಿಗ್ಗಿಸಿಕೊಂಡವರಲ್ಲಿ ಶೇಕಡಾ 63. ಅಂದರೆ ಸ್ಟೆಂಟ್ ಮೇಲು, ಆದರೆ ಶಾಶ್ವತವಲ್ಲ. ಈ ಬೆಳವಣಿಗೆಯನ್ನು ತಡೆಯಲು ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧ ಲೇಪಿಸಿದ ಬಲೂನು, ಸ್ಟೆಂಟುಗಳು ಬಂದವು. ಅವುಗಳಿಂದ ಸಾವು ಹೆಚ್ಚಬಹುದೆಂದು 2018ರ ಕೊನೆಯಲ್ಲಿ ಒಂದು ವಿಶ್ಲೇಷಣೆ ಶಂಕೆ ಎತ್ತಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಕೆ ನೀಡಿ, ಹೆಚ್ಚಿನ ಮಾಹಿತಿ ಕೂಡಿಬಂದ ಮೇಲೆ 2023ರಲ್ಲಿ ಆ ಶಂಕೆಗೆ ಆಧಾರವಿಲ್ಲವೆಂದು ತೀರ್ಮಾನಿಸಿತು. ತನ್ನ ಸಂದೇಹವನ್ನು ತಾನೇ ಬಹಿರಂಗವಾಗಿ ಪರೀಕ್ಷಿಸಿಕೊಳ್ಳುವ ಈ ಗುಣ ವಿಜ್ಞಾನದಲ್ಲಿ ಗೌರವಿಸತಕ್ಕದ್ದು.

ಇನ್ನೊಂದು ತೊಡಕು ಸ್ಟೆಂಟ್ ಮುರಿಯುವುದು. ಹೃದಯದ ಸ್ಟೆಂಟಿಗೆ ಇಲ್ಲದ ಕಷ್ಟ ಕಾಲಿನ ಸ್ಟೆಂಟಿಗಿದೆ. ನಾವು ಕುಳಿತಾಗ, ಎದ್ದಾಗ, ಮೆಟ್ಟಿಲು ಹತ್ತಿದಾಗ ತೊಡೆಯ ನಾಳ ಬಾಗುತ್ತದೆ, ತಿರುಚುತ್ತದೆ, ಉದ್ದಗಿಡ್ಡವಾಗುತ್ತದೆ. ಜರ್ಮನಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೊಡೆಗೆ ಸ್ಟೆಂಟ್ ಹಾಕಿದ 121 ಕಾಲುಗಳ ಪೈಕಿ 45ರಲ್ಲಿ ಜಾಲರಿ ಮುರಿದಿತ್ತು. ಸ್ಟೆಂಟ್ ಉದ್ದವಾದಷ್ಟೂ ಮುರಿತ ಹೆಚ್ಚು. ಅನಂತರ ಬಂದ ಹೊಸ ರಚನೆಗಳಲ್ಲಿ ಇದು ಬಹಳ ಕಡಿಮೆಯಾಗಿದೆ. ಆದರೂ ಮೊಣಕಾಲಿನ ಹಿಂದೆ ಸ್ಟೆಂಟ್ ಇಡಲು ವೈದ್ಯರು ಇಂದಿಗೂ ಹಿಂಜರಿಯುವುದು ಇದೇ ಕಾರಣಕ್ಕೆ.

ಕುಳಿತುಕೊಳ್ಳುವ ಮಾತು ಬಂದುದರಿಂದ ಭಕ್ತರು ಪದೇ ಪದೇ ಕೇಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇವೆ. ಪದ್ಮಾಸನ ಹಾಕಲಾಗದವರು ಕುರ್ಚಿಯ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಳ್ಳಬಹುದೇ? ಅವಶ್ಯವಾಗಿ ಮಾಡಿಕೊಳ್ಳಬಹುದು. ಲಿಂಗವಿರುವುದು ಕರಸ್ಥಲದಲ್ಲಿ, ಮೊಣಕಾಲನ್ನು ಮಡಿಸಲೇಬೇಕೆಂಬ ನಿರ್ಬಂಧವಿಲ್ಲ. ಚಕ್ಕಳಮಕ್ಕಳ, ಕುಕ್ಕರುಗಾಲು ಎಷ್ಟರಮಟ್ಟಿಗೆ ಆಗಬಹುದೆಂದು ಸ್ಟೆಂಟ್ ಯಾವ ಜಾಗದಲ್ಲಿದೆ ಎಂಬುದನ್ನು ಬಲ್ಲ ವೈದ್ಯರನ್ನು ಕೇಳಿ, ಅವರು ಹೇಳಿದಂತೆ ನಡೆಯಿರಿ. ಅದೇ ರೀತಿ, ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ಜಾತ್ರೆಗೆ ನಡೆದುಬರುವ ಹರಕೆ ಹೊರಬಾರದು. ಹೊತ್ತಿದ್ದರೆ ಈ ಬರಹವನ್ನೇ ನಮ್ಮ ಅಪ್ಪಣೆಯೆಂದು ತಿಳಿದು ಅದನ್ನು ಬಿಡಬಹುದು. ಸ್ಪರ್ಶವಿಲ್ಲದ, ರಕ್ತ ಸಾಲದ ಪಾದಕ್ಕೆ ಹೊಕ್ಕ ಒಂದು ಜಾಲಿಮುಳ್ಳು ಬೆರಳನ್ನು ತೆಗೆಸಬಲ್ಲದು.

ಹಾಗಾದರೆ ಸ್ಟೆಂಟ್ ಹಾಕಿಸಿಕೊಳ್ಳಬೇಕೇ, ಬೇಡವೇ? ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ನಡೆದಾಗ ಮಾತ್ರ ನೋಯುವವರಿಗೆ ಮೊದಲ ಮದ್ದು ನಡಿಗೆಯೇ. ನೋವು ಬರುವವರೆಗೆ ನಡೆದು, ನಿಂತು, ನೋವಿಳಿದ ಮೇಲೆ ಮತ್ತೆ ನಡೆಯುವುದು. ಹೀಗೆ ವಾರಕ್ಕೆ ಮೂರು ದಿನವಾದರೂ ಅರ್ಧ ಮುಕ್ಕಾಲು ಗಂಟೆ, ಮೂರು ತಿಂಗಳ ಕಾಲ. ಅಮೆರಿಕದಲ್ಲಿ ಕಿಬ್ಬೊಟ್ಟೆಯ ನಾಳದ ಕಾಯಿಲೆಯ 111 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೇಲ್ವಿಚಾರಣೆಯಲ್ಲಿ ಹೀಗೆ ನಡೆದವರು ಆರು ತಿಂಗಳ ಕೊನೆಗೆ ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಹೆಚ್ಚು ಹೊತ್ತು ನಡೆಯಬಲ್ಲವರಾಗಿದ್ದರು. ಆದರೆ ಮಲಗಿದಾಗಲೂ ಪಾದ ನೋಯುವವರಿಗೆ, ಹುಣ್ಣು ಮಾಯದವರಿಗೆ, ಬೆರಳು ಕಪ್ಪಾದವರಿಗೆ ಕಾಲಹರಣ ಸಲ್ಲದು. ರಕ್ತದ ದಾರಿಯನ್ನು ಬೇಗ ತೆರೆಯಬೇಕು. ತೆರೆಯುವ ಬಗೆ ಸ್ಟೆಂಟೋ, ಕಾಲಿನದೇ ಅಭಿಧಮನಿಯನ್ನು ಬಳಸಿ ಮಾಡುವ ಬೈಪಾಸೋ ಎಂಬುದು ಆಯಾ ರೋಗಿಯ ನಾಳವನ್ನು ನೋಡಿ ನಿರ್ಧಾರವಾಗುವಂಥದು. 2022ರ ಒಂದು ದೊಡ್ಡ ಅಧ್ಯಯನ, ಒಳ್ಳೆಯ ಅಭಿಧಮನಿ ಇದ್ದವರಿಗೆ ಬೈಪಾಸ್ ಮೇಲೆಂದಿತು. 2023ರ ಮತ್ತೊಂದು ಅಧ್ಯಯನ, ಮೊಣಕಾಲಿನ ಕೆಳಗಿನ ಕಾಯಿಲೆಗೆ ಕೊಳವೆಯ ಚಿಕಿತ್ಸೆಯಿಂದ ಆರಂಭಿಸುವುದು ಮೇಲೆಂದಿತು. ಆದ್ದರಿಂದ ಸಹಿ ಹಾಕುವ ಮುನ್ನ, "ನನಗೆ ಇದೇ ಏಕೆ? ಬೇರೆ ದಾರಿ ಇದೆಯೇ? ಮತ್ತೆ ಮುಚ್ಚಿದರೆ ಮುಂದೇನು?" ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗೆ ಬೇಸರಿಸುವುದಿಲ್ಲ.

ಸ್ಟೆಂಟ್ ಹಾಕಿಸಿಕೊಂಡವರು ಮನೆಯಲ್ಲಿ ಪಾಲಿಸತಕ್ಕ ನಾಲ್ಕು ನಿಯಮಗಳಿವೆ. ಮೊದಲನೆಯದಾಗಿ, ಮಾತ್ರೆಯನ್ನು ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ಯಾರ ಮಾತಿಗೂ ನಿಲ್ಲಿಸಬಾರದು. ನಿಲ್ಲಿಸಲು ಅವರೇ ಹೇಳಿದರೆ ಮರುಆರಂಭದ ದಿನಾಂಕವನ್ನು ಬರೆಸಿಕೊಳ್ಳಬೇಕು. ಎರಡನೆಯದಾಗಿ, ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಟ್ರಂಕಿನ ತಳದಲ್ಲಿ ಇಡದೆ, ಸ್ಟೆಂಟಿನ ವಿವರ, ಮಾತ್ರೆಗಳ ಹೆಸರು, ತುರ್ತು ಕರೆಯ ಸಂಖ್ಯೆಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಮೂರನೆಯದಾಗಿ, ದಿನವೂ ಸ್ನಾನದ ವೇಳೆ ಎರಡು ಪಾದಗಳನ್ನೂ ಮುಟ್ಟಿ, ಬಣ್ಣ, ಬಿಸುಪು, ಗಾಯಗಳನ್ನು ನೋಡಬೇಕು. ಕಣ್ಣು ಮಂಜಾದವರ ಪಾದವನ್ನು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ನೋಡಲಿ. ನಾಲ್ಕನೆಯದಾಗಿ, ಹೇಳಿದ ದಿನಕ್ಕೆ ಮರುಪರೀಕ್ಷೆಗೆ ಹೋಗಬೇಕು. ಮಾಯವಾಗಿದ್ದ ಮೀನಖಂಡದ ನೋವು ಮರಳಿದರೆ ಆ ದಿನಕ್ಕೂ ಕಾಯಬಾರದು; ಸ್ಟೆಂಟ್ ಕಿರಿದಾಗಿರಬಹುದು, ಇಲ್ಲವೇ ಮುರಿದಿರಬಹುದು.

ಇನ್ನು ಬೀಡಿ. ಒಳಗೆ ಜಾಲರಿ ಇಟ್ಟು ಮೇಲೆ ಬೀಡಿ ಸೇದುವುದು, ಕಾಲುವೆಯ ಹೂಳೆತ್ತಿಸಿ ಮತ್ತೆ ಅದರೊಳಕ್ಕೇ ಮಣ್ಣು ಸುರಿದಂತೆ. ಬರ್ಜರ್ ಕಾಯಿಲೆಯೆಂಬ ಒಂದು ವ್ಯಾಧಿಯಂತೂ ತಂಬಾಕು ಬಳಸುವ ತರುಣರನ್ನೇ ಹಿಡಿದು, ಮೂವತ್ತು ನಲವತ್ತರ ವಯಸ್ಸಿಗೇ ಬೆರಳುಗಳನ್ನು ಕಸಿದುಕೊಳ್ಳುತ್ತದೆ. ತಂಬಾಕನ್ನು ಪೂರ್ತಿ ಬಿಡುವುದರ ಹೊರತು ಅದಕ್ಕೆ ಸರಿಯಾದ ಮದ್ದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿಶೇಷ ಸೂಚನೆ. ತಮ್ಮಲ್ಲಿ ವೈದ್ಯರಿದ್ದೀರಿ, ಔಷಧದ ಅಂಗಡಿ ಇಟ್ಟವರಿದ್ದೀರಿ, ಉಪಾಧ್ಯಾಯರಿದ್ದೀರಿ. ಊರಿಗೆ ಹೋದಾಗ ಸ್ಟೆಂಟ್ ಹಾಕಿಸಿಕೊಂಡ ಹಿರಿಯರ ಮನೆಗೆ ಒಮ್ಮೆ ಹೋಗಿ, ಆ ಇಂಗ್ಲಿಷಿನ ಕಾಗದವನ್ನು ಓದಿ ಕನ್ನಡದಲ್ಲಿ ತಿಳಿಸಿರಿ. ಮಾತ್ರೆ ತೀರಿದ್ದರೆ ತರಿಸಿಕೊಡಿ. ರಾತ್ರಿ ಯಾರ ಗಾಡಿ ಸಿಗುತ್ತದೆ, ಯಾವ ಆಸ್ಪತ್ರೆಗೆ ನೇರ ಹೋಗಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಡಿ. ಸ್ಟೆಂಟಿನ ಖರ್ಚಿಗೆ ಮಠದ ಶಿಫಾರಸು ಪತ್ರ ಕೇಳಲು ಬರುವವರು ಬಹಳ. ಆರು ತಿಂಗಳ ಮಾತ್ರೆಯ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಸಣ್ಣ ಖರ್ಚಿಗೆ ಹೆಗಲು ಕೊಡುವವರು ಒಂದು ಕಾಲನ್ನು, ಅದನ್ನು ನಂಬಿದ ಒಂದು ಸಂಸಾರವನ್ನು ಉಳಿಸಿದವರಾಗುತ್ತಾರೆ.

ಕಾಯಕಕ್ಕೆ ಕಾಯ ಬೇಕು, ಕಾಯ ನಿಲ್ಲಲು ಕಾಲು ಬೇಕು. ವೈದ್ಯರು ದಾರಿಯನ್ನು ತೆರೆದುಕೊಟ್ಟಿದ್ದಾರೆ. ಅದನ್ನು ಹಗಲಿರುಳು ಕಾಯುವ ಕೆಲಸ ನಮ್ಮ ನಮ್ಮ ಮನೆಯದು. ಅದನ್ನು ಅಲಕ್ಷಿಸದಿರಿ ಎಂದು ಹಾರೈಸುತ್ತೇವೆ.